ಸುಲಭದ ಗುಂಡಿ

ಶಕ್ತಿನಗರದ ಕ್ಯಾಂಟೀನಿನಾಗ ಒಮ್ಮೆ ಅಂದು ನೋಡಿದೆ,
ಮಂಡಾಳೊಗ್ಗರಣಿ ಇನ್ನೂ ಬಾಯಾಗಿತ್ತು,
ಹುಡುಗರು ನಕ್ಕರು.

ನಾ ಅಂದದ್ದು ಇಷ್ಟ:
ಆಟ ಶುರುವಾಗೂ ಮೊದಲ ಅದು ಕೇಳ್ತದಲ್ಲ,
ಕಠಿಣವೋ, ಮಧ್ಯಮವೋ, ಸುಲಭವೋ ಅಂತ,
ನಾ ಯಾವತ್ತೂ ಸುಲಭದ ಗುಂಡಿ ಒತ್ತಾಂವ.
ನಾಚಿಕಿ ಇಲ್ಲ.

"ಹಂಗಾದ್ರ ಅದು ಆಟನ ಅಲ್ಲ ಕಾಕಾ" ಅಂದ ಖಾಜಾಹುಸೇನ.
ಅವ ಕಲ್ಲಿದ್ದಲ ಬೆಲ್ಟಿನ ಕಡಿ ಇರಾಂವ,
ಎಷ್ಟು ತೊಳದ್ರೂ ಕಣ್ಣಂಚಿನ ಕಾಡಿಗಿ ಹೋಗಂಗಿಲ್ಲ.
ರಾತ್ರಿ ಅದ ಕಣ್ಣಿಲೆ ಕೂತು
ಒಂದ ರಾಕ್ಷಸನ ಕೈಲೆ ನಲವತ್ತು ಸಲ ಸಾಯ್ತಾನ.
ನಲವತ್ತೊಂದಕ್ಕ ಗೆದ್ದೆ ಅಂತ ಪೇಡೆ ಹಂಚಿದ.
ಪೇಡೆ ತಿಂದೆ. ಅಭಿಪ್ರಾಯ ಬದಲಾಗಲಿಲ್ಲ.

ಇನ್ನೊಂದು ಹೇಳ್ತೀನಿ,
ಇದಕ್ಕ ನನ್ನ ವಯಸ್ಸಿನವರೂ ಸಿಟ್ಟಾಗ್ತಾರ:
ಹಳೇ ಆಟ ಚಲೋ ಇದ್ದಿಲ್ಲ.
ರಾಯಚೂರು ಬಸ್‌ಸ್ಟ್ಯಾಂಡಿನ ಹಿಂದ ಒಂದು ಪಾರ್ಲರ್ ಇತ್ತು,
ಬೀಡಿ ಹೊಗಿ, ಮುಟ್ಟಿದ್ರ ಜುಮ್ಮಂತ ಹೊಡಿಯೂ ಡಬ್ಬಿ,
ಹಿಡಿಕಿ ಎಡಕ್ಕ ಬಾಗಿ ನಿಂತಿತ್ತು,
ನನ್ನ ಶೂರ ದಿನಾ ಹೋಗಿ ಅದ ಗುಂಡಿಗೆ ಬೀಳಾಂವ.
ಎಂಟಾಣೆ ಹೋತು. ಮತ್ತೆಂಟಾಣೆ.
ಈಗ ಎಲ್ಲರೂ ಅಂತಾರ, ಆಹಾ ಆ ಆಟ, ಆ ಕಾಲ.
ಆಟ ಅಲ್ರಿ,
ರೊಕ್ಕ ತೀರಿದ ಮ್ಯಾಲೆ ನಾಲ್ಕು ಮಂದಿ ಕೂಡಿ ಕುಡದ
ಒಂದು ಗ್ಲಾಸು ಕಬ್ಬಿನ ಹಾಲು,
ಚಲೋ ಇದ್ದದ್ದು ಅದು.

ರಾಜನ ಮಗಳನ್ನ ನಾ ಇನ್ನೂ ಬಿಡಿಸಿಲ್ಲ.
ಎರಡು ವರ್ಷಾತು ಗೋಪುರದಾಗ ಕೂತಾಳ, ಕೂತಿರ್ಲಿ.
ಅಲ್ಲೇ ಕೆಳಗ ಒಂದು ಹೊಳಿ ಅದ, ಮೀನ ಹಿಡೀತೀನಿ.
ನಮ್ಮ ಕೃಷ್ಣಾಗಿಂತ ತಿಳಿ ನೀರು,
ಮ್ಯಾಲೆ ಬೂದಿ ಬೀಳಂಗಿಲ್ಲ.
ಕಾರಿನ ಆಟದಾಗ ಕೆಂಪು ದೀಪ ಬಂದ್ರ ನಿಲ್ಲಸ್ತೀನಿ,
ಮಗಳು ಶಶಿರೇಖಾ ಹಣಿ ಹಣಿ ಬಡ್ಕೋತಾಳ,
"ಅಪ್ಪಾ, ಇದು ರೇಸು!"
ಇರಬಹುದು. ಕೆಂಪಂದ್ರ ಕೆಂಪು.
ಮೂವತ್ತು ವರ್ಷ ಕಂಟ್ರೋಲ್ ರೂಮಿನಾಗ ಕೂತವಗ
ಕೆಂಪು ದೀಪ ತೋರಿಸಿ ಓಡು ಅಂದ್ರ ಹೆಂಗ?

ಹ್ಞಾಂ, ಕಂಟ್ರೋಲ್ ರೂಮು.
ಜಗತ್ತಿನ ಅತಿ ಬ್ಯಾಸರದ ಆಟ.
ಗೋಡಿ ತುಂಬ ಮುಳ್ಳು, ಅಂಕಿ,
ನಲವತ್ತೊಂಬತ್ತು ಪಾಯಿಂಟ್ ಒಂಬತ್ತೇಳು, ಐವತ್ತು,
ಐವತ್ತು ಪಾಯಿಂಟ್ ಸೊನ್ನೆ ಎರಡು,
ಏನೂ ಆಗಲಿಲ್ಲ ಅಂದ್ರ ಗೆದ್ದಂಗ.
ಚಪ್ಪಾಳಿ ಇಲ್ಲ,
ಬೆಳಿಗ್ಗೆ ಆರಕ್ಕ ಶಿಫ್ಟಿನ ಬಸ್ಸು.
ಎಲ್ಲೋ ಬೀದರಿನಾಗೋ ಮಂಡ್ಯದಾಗೋ
ನಡುರಾತ್ರಿ ಒಬ್ಬ ಹುಡುಗ ಕೊನೇ ಶತ್ರುನ ಹೊಡೀತಿರ್ತಾನ,
ಅವನ ಪರದೆ ಕಣ್ಣು ಮುಚ್ಚದಂಗ ನೋಡ್ಕೋಳೂದು
ನನ್ನ ಲೆವೆಲ್ಲು.
ಅವಗ ಗೊತ್ತಿಲ್ಲ. ಗೊತ್ತಾಗೂದೂ ಬ್ಯಾಡ.

ಸಾವಿಗೊಂದು ಬೆಲಿ ಇರಬೇಕು,
ಸತ್ರ ಎಲ್ಲಾ ಕಳಕೋಬೇಕು, ಆವಾಗನ ಮಜಾ
ಅನ್ನೂದು ಖಾಜಾನ ವೇದಾಂತ.
ನಾ ಒಪ್ಪಂಗಿಲ್ಲ.
ಟ್ಯೂಬು ಸೀಳಿ ಉಗಿ ನುಗ್ಗಿದ ರಾತ್ರಿ
ಮೌನೇಶ ಕೆಳಗ ವಾಲ್ವಿನ ಹತ್ರ ಇದ್ದ.
ನಾ ಮ್ಯಾಲಿದ್ದೆ, ಗುಂಡಿ ಒತ್ತಿದೆ,
ಸರಿಯಾದ ಗುಂಡೀನ ಒತ್ತಿದೆ,
ತನಿಖೆಯವರೂ ಹಂಗ ಬರದಾರ.
ಬಾಯ್ಲರ್ ಮತ್ತ ಹೊತ್ತಸಲಿಕ್ಕೆ ಎರಡು ದಿನ ಹಿಡೀತು,
ಎಣ್ಣಿ ಎಷ್ಟು ಸುಡ್ತು ಅಂತ ಪುಟಗಟ್ಟಲೆ ಲೆಕ್ಕ ಅದ.
ಅವಂದು ಲಾಗ್‌ಬುಕ್ಕಿನಾಗ ಒಂದೂವರೆ ಸಾಲು.

ಒಂದು ಕಡಿಯಾದ್ರೂ ಸಾವು ಅಗ್ಗ ಇರ್ಲಿ.
ಬಿದ್ದಾಂವ ಮಿಣಮಿಣ ಮಿಂಚಿ ಎದ್ದು
ಧೂಳ ಝಾಡಿಸಿ
ಬಿದ್ದ ಜಾಗದಾಗನ ನಿಲ್ಲಲಿ.

ಇದನ್ನ ಕ್ಯಾಂಟೀನಿನಾಗ ಹೇಳಲಿಲ್ಲ.
"ಕೈ ಓಡಂಗಿಲ್ಲೋ, ವಯಸ್ಸಾತು" ಅಂದೆ.
ಖಾಜಾ ಮಿರ್ಚಿ ಮುರದು ಅರ್ಧ ನನ್ನ ತಾಟಿಗಿಟ್ಟ.

ರಾತ್ರಿ ಮನಿಯಾಗ ಮತ್ತ ಕೂತೆ,
ಒಂದೂ ಮೀನ ಬೀಳಲಿಲ್ಲ.
ಗೋಪುರದಾಗಿಂದ ಆ ಹುಡುಗಿ ಕೂಗ್ತಿದ್ಲು.
ಬಂದೆ ತಾಯಿ, ಅಂದೆ,
ಇನ್ನೊಂದು ಗಾಳ ಹಾಕಿ.